ಎಪ್ಪತ್ತೆಂಟನೇ ದಿನ

ಅರಸೀಕೆರೆ ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿ.

“ಅಣ್ಣ, ಹಾಸನದ ಗಾರ್ಮೆಂಟ್ಸ್‌ನಿಂದ ತೆಗೆದಾಕಿದ್ರು. ಅಮೆರಿಕದವ್ರು 2025ರಲ್ಲಿ ಶೇ 50 ಸುಂಕ ಜಡಿದಿದ್ರಲ್ಲ, ಅದಕ್ಕಂತೆ.”

“ಸುಂಕಕ್ಕೇಂತ ಪರಿಹಾರ ಇಲ್ಲಕ್ಕ. ಆಮದಿನಿಂದ ಕೆಲಸ ಹೋದವ್ರಿಗೆ ಅಂಥದ್ದು ಅಮೆರಿಕದಲ್ಲಿತ್ತು, 1962ರಿಂದ. 2022ರಲ್ಲಿ ಅವ್ರೂ ಹೊಸ ಅರ್ಜಿ ಪರಿಶೀಲಿಸೋದು ನಿಲ್ಲಿಸಿದ್ರು. ಇಎಸ್‌ಐ ಕಟ್ ಆಗ್ತಿತ್ತಾ? ಹಂಗಾದ್ರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಅರ್ಧ ಸಂಬಳ, 90 ದಿನ, ಜೀವಮಾನಕ್ಕೊಂದೇ ಸಲ.”

“ಇನ್ನೊಂದ್ಸಲ ಕೆಲಸ ಹೋದ್ರೆ?”

“ಇನ್ನೊಂದು ಜನ್ಮ ಎತ್ತಿ ಬನ್ನಿ. ಹಿಂದಿನ ಆರು ತಿಂಗಳ ಅವಧೀಲಿ 78 ದಿನದ ವಂತಿಗೆ ಬೇಕು. ನಿಮ್ದು… 77!” (ಥೇಟ್ ಕೊಬ್ಬರಿ ಹರಾಜು ಕೂಗುವವರ ದನಿ.)

“ಆರ್ಡರಿಲ್ಲಾಂತ ಅವ್ರೇ ಎಷ್ಟೋ ದಿನ ಮನೆಗೆ ಕಳ್ಸಿದ್ರು. ನಾನಾಗಿ ಹಾಕಿದ್ದು ಒಂದೇ ರಜ, ಆಷಾಢದಲ್ಲಿ ಮಾಲೇಕಲ್ಲು ತಿರುಪತಿ ತೇರಿಗೆ.”

“ಗೋವಿಂದನ ಹತ್ರಾನೇ ಹಾಜರಿ ಹಾಕಿಸ್ಕೊಂಡು ಬರ್ಬೇಕಿತ್ತು.”

“ಈಗೇನ್ಮಾಡ್ಲಿ?”

“ಎರಡು ಕಾಪಿ, ನಾಲ್ಕು ರೂಪಾಯಿ ಕೊಡಿ. ಇದಕ್ಕೆ ಎಲ್ರೂ ಅರ್ಹರೇ.”