ಬಿಯರಿಗೊಂದು ನಲ್ಲಿ ಹಾಕಿಸಿ, ಸ್ವಾಮಿ!

ಮಾನ್ಯ ಅಬಕಾರಿ ಸಚಿವರೇ,

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಸರ್ಕಾರವೇ ಮದ್ಯದಂಗಡಿ ನಡೆಸುತ್ತದೆ. ಅಂಥ ಕೆಲವು ಅಂಗಡಿಗಳಲ್ಲಿ ಬಿಯರಿಗೆ ನಲ್ಲಿಯನ್ನೇ ಹಾಕಿಸಿದರು. ಗಿರಾಕಿ 'ಗ್ರೌಲರ್' ಎಂಬ 1.89 ಲೀಟರಿನ ಗಾಜಿನ ಹೂಜಿಯನ್ನು ತೊಳೆದು ತರುತ್ತಿದ್ದ, ತುಂಬಿಸಿಕೊಂಡು ಮನೆಗೆ ಹೋಗುತ್ತಿದ್ದ. ಮುಗಿದರೆ ಮತ್ತೆ ಅದೇ ಹೂಜಿ. ಇದನ್ನು ಓದಿದಂದಿನಿಂದ ನನಗೆ ನಮ್ಮ ಕರ್ನಾಟಕ ಸರ್ಕಾರದ ಎಂಎಸ್‌ಐಎಲ್‌ನದೇ ಧ್ಯಾನ.

1966ರಲ್ಲಿ ಹುಟ್ಟಿದ ಈ ಸಂಸ್ಥೆ ಮಕ್ಕಳಿಗೆ 'ಲೇಖಕ್', 'ವಿದ್ಯಾ' ನೋಟ್‌ಬುಕ್ ಕೊಟ್ಟಿತು, ಮನೆಯಾಕೆಗೆ ಚೀಟಿ ಕಟ್ಟಿಸಿತು, ಯಜಮಾನನಿಗೆಂದು ಸಿಎಲ್-11ಸಿ ಸನ್ನದಿನ ಮದ್ಯದಂಗಡಿ ತೆರೆಯಿತು. ಇಡೀ ಸಂಸಾರದ ಹೊಣೆ ಹೊತ್ತವರು ಯಜಮಾನನೊಬ್ಬನ ಕೈಗೆ ಬರೀ ಬಾಟ್ಲಿ ಕೊಟ್ಟು ಸಾಗಹಾಕುವುದೇ?

ಕಾನೂನಿನ ತೊಡಕು ಎನ್ನಬೇಡಿ. 2020ರ ಲಾಕ್‌ಡೌನಿನಲ್ಲಿ ಮೈಕ್ರೋಬ್ರೂವರಿಗಳ ಟ್ಯಾಂಕಿನಲ್ಲಿ ಬಿಯರ್ ಉಳಿದಾಗ, ತಲೆಗೆ 2 ಲೀಟರಿನವರೆಗೆ ಪಾರ್ಸೆಲ್ ಕೊಡಲು ನಿಮ್ಮ ಇಲಾಖೆಯೇ ಅಪ್ಪಣೆ ಕೊಟ್ಟಿತ್ತು. ನಗರದವರಿಗೆ ಸಿಕ್ಕ ಈ ಭಾಗ್ಯ ಸಿರಾ, ಸಿಂಧನೂರಿಗೆ ಬೇಡವೇ, ಅಲ್ಲಿನವರಿಗೆ ಗಂಟಲಿಲ್ಲವೇ?

ಸಣ್ಣಪುಟ್ಟ ತಾಪತ್ರಯಗಳಿವೆ, ಒಪ್ಪಿದೆ. ಪೀಪಾಯಿಯಿಂದ ಹೂಜಿಯವರೆಗೂ ಬಿಯರ್ ತಣ್ಣಗಿರಬೇಕು. ಕೊಳವೆ ತೊಳೆಯದಿದ್ದರೆ ಹುಳಿ. ಹೂಜಿಯ ಮುಚ್ಚಳ ತೆಗೆದರೆ ಒಂದೆರಡು ದಿನದಲ್ಲಿ ಗ್ಯಾಸು ಹೋಗಿ ಸಪ್ಪೆ. ಕರೆಂಟಿನ ಚಿಂತೆ ಬೇಡ. ಪಂಪ್‌ಸೆಟ್ಟಿಗೆ ತ್ರೀಫೇಸ್ ಬಿಡುವ ಹೊತ್ತಿಗೇ ನಮಗೂ ಬಿಡಿ. ರಾತ್ರಿ ಎರಡಕ್ಕೆ ಹೂಜಿ ಹಿಡಿದು ಬರಲು ನಮ್ಮೂರಿನವರು ತಯಾರಿದ್ದಾರೆ. ನೊರೆಯೂ ಅಳತೆಗೆ ಸೇರುತ್ತದೆಯೇ ಎಂಬ ಜಗಳ ಮಾತ್ರ ತಪ್ಪದು. ಅದಕ್ಕೊಂದು ತಜ್ಞರ ಸಮಿತಿ ಮಾಡಿ, ವರದಿ ಬರುವಷ್ಟರಲ್ಲಿ ನೊರೆ ಇಳಿದಿರುತ್ತದೆ.

ಒಂದು ಮಾತು ತಮಾಷೆಗಲ್ಲ. ಕುಡಿದು ಬಿಸಾಡಿದ ಬಾಟ್ಲಿ ಗದ್ದೆಯಲ್ಲಿ ಒಡೆದು, ನಾಟಿಗಿಳಿದ ಹೆಂಗಸರ ಕಾಲು ಸೀಳುತ್ತದೆ. ತಮಿಳುನಾಡಿನ ಸರ್ಕಾರಿ ಮದ್ಯ ಸಂಸ್ಥೆ ಟಾಸ್ಮಾಕ್ 2022ರಲ್ಲಿ ನೀಲಗಿರಿಯಲ್ಲಿ ಬಾಟ್ಲಿಗೆ 10 ರೂಪಾಯಿ ಹೆಚ್ಚಿಗೆ ಹಿಡಿದು, ಖಾಲಿ ಬಾಟ್ಲಿ ತಂದವರಿಗೆ ಮರಳಿಸತೊಡಗಿತು. ಅದೂ ಹೈಕೋರ್ಟು ಗದರಿದ ಮೇಲೆ. ನೀವು ಗದರಿಸಿಕೊಳ್ಳುವ ಮೊದಲೇ, ಬಿಸಾಡುವ ಬಾಟ್ಲಿಯ ಬದಲು ಮತ್ತೆ ಮತ್ತೆ ತುಂಬಿಸುವ ಹೂಜಿ ತರಬಹುದು.

ಇನ್ನು ಧರ್ಮಸಂಕಟ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಯತ್ನಿಸಿ ಎನ್ನುತ್ತದೆ. 2025-26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ತನ್ನಿ ಎಂದಿತು. 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಯಿತು, ಕುಡಿಯುವವನು ಎಲ್ಲೂ ಹೋಗಲಿಲ್ಲ. ನಮ್ಮಲ್ಲಿ ಮದ್ಯಪಾನ ಸಂಯಮ ಮಂಡಳಿಯೂ ಇದೆ. ಅದರ ಪ್ರಚಾರ ಚೀಟಿಯನ್ನು ಹೂಜಿಗೇ ಅಂಟಿಸಿಬಿಡಿ, ತುಂಬಿಸಿದಾಗಲೆಲ್ಲ ಒಮ್ಮೆ ಓದಿಕೊಳ್ಳುತ್ತೇವೆ. ಗುರಿಯೂ ಮುಟ್ಟಿತು, ಸಂಯಮವೂ ಉಳಿಯಿತು.

ಅಬಕಾರಿಯ ಆ ಗುರಿಯನ್ನು ಇಳಿಸುವ ಮನಸ್ಸಿದ್ದರೆ ಈ ಪತ್ರವನ್ನು ಹರಿದುಹಾಕಿ, ನನಗೇನೂ ಬೇಸರವಿಲ್ಲ. ಇಲ್ಲವಾದರೆ ಮುಂದಿನ ಬಜೆಟ್ಟಿನಲ್ಲಿ ತಾಲೂಕಿಗೊಂದು ನಲ್ಲಿ ದಯಪಾಲಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿಷ್ಠಾವಂತ ತೆರಿಗೆದಾರ