ಒನ್ ಪಿಚ್ ಕ್ಯಾಚ್

“ಮೇಷ್ಟ್ರೇ, ನಿನ್ನೆ ಸಂಜೆ ನೀವು ಕೊಟ್ರಲ್ಲ ಔಟು, ಅದು ಔಟಲ್ಲ.”

ಬೆಳಗಿನ ಆರೂವರೆ. ನಲ್ಲೀಲಿ ನೀರು ಬರುತ್ತಿತ್ತು. ಕಾಂಪೌಂಡಿನ ಆ ಕಡೆ ಮೇಷ್ಟ್ರು ಬಕೆಟ್ಟಿನಿಂದ ಚೊಂಬಲ್ಲಿ ನೀರು ಮೊಗೆದು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದವರು ಹಾಗೇ ನಿಂತರು. “ಯಾವುದಮ್ಮ? ಆ ಒನ್ ಪಿಚ್ ಕ್ಯಾಚಾ?”

ಮೈಸೂರಿನ ಶ್ರೀರಾಂಪುರ ಎರಡನೇ ಹಂತದ ನಮ್ಮ ಅಡ್ಡರಸ್ತೆಯ ಕಾನೂನು ಉಳಿದ ಬೀದಿಗಳ ಕಾನೂನೇ. ಒಂದು ಪುಟ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟು. ಗೋಡೆಗೋ ಗೇಟಿಗೋ ನಿಂತ ಕಾರಿಗೋ ತಗುಲಿ ಬಂದದ್ದನ್ನು ಹಿಡಿದರೆ ಇಲ್ಲ. ನಿನ್ನೆ ಮೂಲೆಮನೆ ಹುಡುಗ ಹೊಡೆದದ್ದನ್ನು ಇನ್ನೊಬ್ಬ ನಮ್ಮ ಗೇಟಿನ ಹತ್ತಿರ ಎಡಗೈಯಲ್ಲಿ ಹಿಡಿದ. ಗೇಟಿಗೆ ತಗುಲಿತು ಅಂತ ಇವನು, ಇಲ್ಲ ಅಂತ ಅವನು. ಗಲಾಟೆ ಮೇಷ್ಟ್ರ ಜಗಲಿಗೆ ಹೋಯಿತು. ಅವರು ಬೆರಳೆತ್ತಿದರು. ಹುಡುಗ ಬ್ಯಾಟು ಎಸೆದು, ಕಣ್ಣೊರೆಸಿಕೊಂಡು ಮನೆಗೆ ಹೋದ.

“ತಗುಲಿತ್ತು ಮೇಷ್ಟ್ರೇ. ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದೆ. ಗೇಟಿನ ಚಿಲಕ ಟಿಂಗ್ ಅಂದದ್ದು ನನಗೇ ಕೇಳಿಸಿತು.”

“ಕೇಳಿಸಿದ್ದರೆ ನಿನ್ನೆ ಯಾಕಮ್ಮ ಸುಮ್ಮನಿದ್ದೆ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಲೆ ಮೇಲೆ ಹಾಲಿತ್ತು, ಮಕ್ಕಳ ಜಗಳದಲ್ಲಿ ನಾನ್ಯಾಕೆ ಅನ್ನಿಸಿತ್ತು. ರಾತ್ರಿ ಮಲಗಿದ ಮೇಲೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು.

ಮೇಷ್ಟ್ರು ಚೊಂಬನ್ನು ಗೋಡೆಯ ಮೇಲಿಟ್ಟರು. ಪಿ.ಟಿ. ಮೇಷ್ಟ್ರಾಗಿ ರಿಟೈರಾದವರು. ಸ್ಕೂಲು ಸ್ಕೂಲುಗಳ ನಡುವಿನ ಪಂದ್ಯಗಳಿಗೆ ಮೂವತ್ತು ವರ್ಷ ಅಂಪೈರಾಗಿ ನಿಂತಿದ್ದಾರೆ, ಫುಟ್‌ಬಾಲಿಗೆ ಸೀಟಿ ಊದಿದ್ದಾರೆ. ಓವರಿನ ಚೆಂಡು ಎಣಿಸುವುದಕ್ಕೆ ಆರು ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದರಂತೆ. ಒಂದು ಚೆಂಡಾದರೆ ಒಂದು ಬೀಜ ಎಡ ಜೇಬಿನಿಂದ ಬಲ ಜೇಬಿಗೆ. ಆ ಬೀಜಗಳು ಈಗಲೂ ಅವರ ಮನೆಯ ಕಿಟಕಿ ದಂಡೆಯ ಮೇಲೆ ಒಂದು ಮಾತ್ರೆ ಡಬ್ಬಿಯಲ್ಲಿವೆ. ಸವೆದು ಸವೆದು ಗಾಜಿನ ಹಾಗೆ ನುಣ್ಣಗಾಗಿವೆ.

“ಅಂಪೈರಿಗೆ ಇರೋದು ಎರಡು ಕಣ್ಣು, ಒಂದು ಗಳಿಗೆ” ಅಂದರು. “ತಗುಲಿತೋ ಇಲ್ಲವೋ ಅಂತ ಸರಿಯಾಗಿ ಗೊತ್ತಿರೋದು ಹೊಡೆದವನಿಗೆ, ಹಿಡಿದವನಿಗೆ. ಗೊತ್ತಿರೋನು ಬಾಯಿ ಬಿಡದೇ ಇದ್ದರೆ ನಾನೇನು ಮಾಡಲಿ? ವಿಶಿ ಬಾಯಿ ಬಿಟ್ಟ.”

ಮೇಷ್ಟ್ರ ಯಾವ ಹರಟೆಯೂ ವಿಶ್ವನಾಥ್ ಇಲ್ಲದೆ ಮುಗಿಯುವುದಿಲ್ಲ. ಎಷ್ಟು ಸಲ ಕೇಳಿದರೂ ನನಗೆ ಬೇಜಾರಿಲ್ಲ. 1980ರ ಫೆಬ್ರುವರಿ, ಮುಂಬೈಯ ವಾಂಖೆಡೆ, ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟು. ಕ್ಯಾಪ್ಟನ್ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್. ಇಂಗ್ಲೆಂಡು 58ಕ್ಕೆ ಐದು ವಿಕೆಟ್ ಕಳೆದುಕೊಂಡು ಕೂತಿತ್ತು. ಕಪಿಲ್ ಬೌಲಿಂಗಿನಲ್ಲಿ ಬಾಬ್ ಟೇಲರ್ ಕೀಪರ್ ಕ್ಯಾಚು ಅಂತ ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಟೇಲರ್ ಅನುಮಾನದಲ್ಲಿ ನಿಂತ. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಬ್ಯಾಟು ತಗುಲಿಲ್ಲ ಅನ್ನುವುದು ಗೊತ್ತಿತ್ತು. ಅಂಪೈರ್ ಹತ್ತಿರ ಹೋಗಿ ಮಾತಾಡಿ ಟೇಲರ್‌ನನ್ನು ವಾಪಸು ಕರೆದರು. ಆಮೇಲೆ ಟೇಲರ್, ಬೋಥಮ್ ಸೇರಿ 171 ರನ್ ಕಲೆ ಹಾಕಿದರು. ಬೋಥಮ್ 114 ಹೊಡೆದ, ಅದೇ ಪಂದ್ಯದಲ್ಲಿ 13 ವಿಕೆಟ್ಟೂ ತೆಗೆದ. ನಾವು ಹತ್ತು ವಿಕೆಟ್ಟಿನಿಂದ ಸೋತೆವು.

“ಸೋತರಲ್ಲ ಮೇಷ್ಟ್ರೇ.”

“ಸೋತರು. ನಲವತ್ತು ವರ್ಷ ದಾಟಿತು, ಗೆದ್ದ ಎಷ್ಟು ಟೆಸ್ಟು ನಿನಗೆ ನೆನಪಿದೆ ಹೇಳು.”

ಅದು ಸರಿ. ಆದರೆ ವಿಶ್ವನಾಥ್ ಇಲ್ಲದ ಅಂಗಳದಲ್ಲಿ ಏನು ಗತಿ? 2019ರ ಜನವರಿಯ ಆ ಭಾನುವಾರವನ್ನು ನಾನು ತೆಗೆದೆ. ಚಿನ್ನಸ್ವಾಮಿ ಸ್ಟೇಡಿಯಮ್ಮು, ರಣಜಿ ಸೆಮಿಫೈನಲ್, ಸೌರಾಷ್ಟ್ರಕ್ಕೆ ಬೇಕಾದದ್ದು 279. ಆಗಲೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ನನ್ನ ಮಗ ಅವತ್ತು ಅಲ್ಲೇ ಕೂತಿದ್ದ. 23ಕ್ಕೆ ಮೂರು ವಿಕೆಟ್ ಹೋಗಿದ್ದವು. ಪೂಜಾರ 34ರಲ್ಲಿದ್ದಾಗ ವಿನಯ್ ಕುಮಾರ್ ಹಾಕಿದ ಚೆಂಡು ಬ್ಯಾಟಿನ ಅಂಚು ಸವರಿಕೊಂಡು ಕೀಪರ್ ಕೈ ಸೇರಿತು. ಕರ್ನಾಟಕದವರೆಲ್ಲ ಕುಣಿದರು. ಅಂಪೈರ್ ಇಲ್ಲ ಅಂದರು. ಪೂಜಾರ ನಿಂತರು. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು, ಅಂಚು ತಗುಲಿದ್ದು ನಮ್ಮ ಮನೆಯ ಸೋಫಾದ ಮೇಲೆ ಕೂತವರಿಗೆಲ್ಲ ಕಂಡಿತು. ಕಾಣದೇ ಹೋದದ್ದು ತೀರ್ಪು ಕೊಡಬೇಕಾದವರಿಗೆ, ಯಾಕೆಂದರೆ ವಿಡಿಯೊ ನೋಡಿ ತೀರ್ಪು ಮರುಪರಿಶೀಲಿಸುವ ಡಿಆರ್‌ಎಸ್ ಆ ಪಂದ್ಯಕ್ಕೆ ಇರಲಿಲ್ಲ. ಪೂಜಾರ 131 ಹೊಡೆದು ಔಟಾಗದೆ ಉಳಿದರು, ಸೌರಾಷ್ಟ್ರ ಐದು ವಿಕೆಟ್ಟಿನಿಂದ ಗೆದ್ದು ಫೈನಲ್ಲಿಗೆ ಹೋಯಿತು. ಸ್ಟೇಡಿಯಮ್ಮಿನಲ್ಲಿ ಜನ ‘ಚೀಟರ್, ಚೀಟರ್’ ಅಂತ ಕೂಗಿದರು. ಮಗನೂ ಕೂಗಿದನಂತೆ. ಗಂಟಲು ಕಟ್ಟಿತ್ತು, ರಾತ್ರಿ ಫೋನಿನಲ್ಲಿ ಮಾತೇ ಹೊರಡುತ್ತಿರಲಿಲ್ಲ.

“ಕೂಗಿದ್ದು ತಪ್ಪು” ಅಂದರು ಮೇಷ್ಟ್ರು. “ದೇಶಕ್ಕೆ ಆಡಿದವನನ್ನು ಹಾಗನ್ನಬಾರದು. ಆದರೆ ಅವನು ಹೋಗಬೇಕಿತ್ತು.”

“ಬೆರಳು ಏಳುವವರೆಗೂ ನಿಲ್ಲುವುದಕ್ಕೆ ಬ್ಯಾಟ್ಸ್‌ಮನ್ನಿಗೆ ಹಕ್ಕಿದೆ ಮೇಷ್ಟ್ರೇ. ತಪ್ಪು ವ್ಯವಸ್ಥೆಯದು. ಮರುವರ್ಷ ರಣಜಿಯ ಸೆಮಿಫೈನಲ್ಲಿಗೆ ಅಷ್ಟೋ ಇಷ್ಟೋ ಡಿಆರ್‌ಎಸ್ ತಂದರಲ್ಲ, ಒಂದು ವರ್ಷ ಮುಂಚೆ ತಂದಿದ್ದರೆ?”

ಅವರು ತಲೆ ಆಡಿಸಿದರು. ಆಮೇಲೆ ಕೇಳಿದ ಮಾತು ನನಗೆ ಚುರುಕ್ಕೆಂದಿತು. “1999, ಕೋಟ್ಲಾ. ಕುಂಬ್ಳೆ ಹತ್ತಕ್ಕೆ ಹತ್ತು ತೆಗೆದ. ಮೊದಲನೇ ವಿಕೆಟ್ಟು ಯಾವುದು?”

ಅಫ್ರಿದಿ. ಮೊಂಗಿಯಾ ಹಿಡಿದ ಕ್ಯಾಚು. ಬ್ಯಾಟಿಗೆ ತಗುಲಿಲ್ಲ ಅಂತ ಅಫ್ರಿದಿ ಆಮೇಲೂ ಹೇಳುತ್ತಲೇ ಬಂದ. ಬೆರಳೆತ್ತಿದ ಅಂಪೈರು ನಮ್ಮ ಕರ್ನಾಟಕದವರೇ, ಎ. ವಿ. ಜಯಪ್ರಕಾಶ್. ಅದುವರೆಗೆ ಪಾಕಿಸ್ತಾನ ಒಂದೂ ವಿಕೆಟ್ ಹೋಗದೆ 101 ಹೊಡೆದಿತ್ತು, ಆಮೇಲೆ 207ಕ್ಕೆ ಎಲ್ಲಾ ಮುಗಿಯಿತು. ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ ನಮ್ಮ ಮೈಸೂರಿನ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದ್ದನ್ನು ಇಡೀ ಊರು ಇವತ್ತಿಗೂ ಕೊಂಡಾಡುತ್ತದೆ. ಆ ಮೊದಲನೇ ಕ್ಯಾಚಿನ ಮಾತು ನಮ್ಮ ಮನೆಯಲ್ಲಿ ಅವತ್ತು ಒಬ್ಬರ ಬಾಯಲ್ಲೂ ಬರಲಿಲ್ಲ. ಅಫ್ರಿದಿಯದು ನಿಜವೋ ಸುಳ್ಳೋ ಈಗ ತೀರ್ಮಾನವಾಗುವುದಿಲ್ಲ. ಆದರೆ ಅವನ ಕಡೆಯ ಅಂಗಳದಲ್ಲೂ ಯಾರದೋ ಮಗ ಗಂಟಲು ಹರಿದುಕೊಂಡಿರುತ್ತಾನೆ ಅನ್ನುವುದು ಇಷ್ಟು ವರ್ಷವಾದ ಮೇಲೆ ಈ ಗೋಡೆಯ ಹತ್ತಿರ ನಿಂತಾಗ ಹೊಳೆಯಿತು.

ಒಳಗಿನಿಂದ ಮೇಷ್ಟ್ರ ಹೆಂಡತಿ ಕಾಫಿ ತಂದರು. ನನಗೂ ಒಂದು ಲೋಟ ಗೋಡೆಯ ಮೇಲಿಂದ ದಾಟಿತು.

ಮೇಷ್ಟ್ರ ಮೊಮ್ಮಗ ಹಲ್ಲುಜ್ಜುತ್ತಾ ಬಂದು ನಿಂತ. ನನ್ನ ಮಗನ ಹಾಗೇ ಅವನಿಗೂ ಬೆಂಗಳೂರು ಎಫ್‌ಸಿ ಹುಚ್ಚು. ಕ್ರಿಕೆಟ್ ಮಾತು ಫುಟ್‌ಬಾಲಿಗೆ ತಿರುಗಲು ಅಷ್ಟು ಸಾಕಾಯಿತು. ತೀರ್ಪಿನ ಜಗಳ ಅಂದರೆ ಇವರಿಗೆಲ್ಲ ಒಂದೇ ತಾರೀಖು, 2023ರ ಮಾರ್ಚ್ 3. ಕಂಠೀರವ ಸ್ಟೇಡಿಯಮ್ಮು, ಎದುರು ಕೇರಳ ಬ್ಲಾಸ್ಟರ್ಸ್, ಹೆಚ್ಚುವರಿ ಸಮಯ, ಸೊನ್ನೆ-ಸೊನ್ನೆ. ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಜಾಗ ಹೇಳುತ್ತಿದ್ದ, ಅಷ್ಟರಲ್ಲಿ ಛೆಟ್ರಿ ಚೆಂಡು ಹೊಡೆದ, ಬಲೆಗೆ ಬಿತ್ತು. ರೆಫರಿ ಗೋಲ್ ಕೊಟ್ಟರು. ಕೇರಳದ ಕೋಚ್ ವುಕೊಮಾನೊವಿಚ್ ತನ್ನ ತಂಡವನ್ನು ಅಂಗಳದಿಂದ ಹೊರಗೆ ಕರೆದುಕೊಂಡು ಹೋದರು, ವಾಪಸು ಬರಲೇ ಇಲ್ಲ. ತಂಡಕ್ಕೆ ನಾಲ್ಕು ಕೋಟಿ ದಂಡ, ಕೋಚಿಗೆ ಐದು ಲಕ್ಷ ದಂಡದ ಜೊತೆಗೆ ಹತ್ತು ಪಂದ್ಯದ ನಿಷೇಧ.

ಆಗ ನನ್ನ ಮಗನ ರೂಮಿನಲ್ಲಿ ಜೊತೆಗಿದ್ದವನು ತ್ರಿಶ್ಶೂರಿನ ಹುಡುಗ. ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದವರು ಮೂರು ದಿನ ಮಾತಾಡಲಿಲ್ಲ.

“ಗೋಲ್ ಸರಿ ತಾತ, ರೂಲಿದೆ” ಅಂದ ಮೊಮ್ಮಗ.

“ರೂಲಿದೆ” ಅಂದರು ಮೇಷ್ಟ್ರು. “ಹತ್ತು ಗಜ ದೂರ ನಿಲ್ಲಿಸಿ ಅಂತ ಹೊಡೆಯೋನು ಕೇಳದೇ ಇದ್ದರೆ, ರೆಫರಿ ಸೀಟಿಗೆ ಕಾಯಿ ಅಂತ ಹೇಳದೇ ಇದ್ದರೆ, ತಕ್ಷಣ ಹೊಡೀಬಹುದು. ಸೀಟಿ ಬೇಕಾಗಿಲ್ಲ. ಆದರೆ ಸೀಟಿಗೆ ಕಾಯಿ ಅಂತ ಹೇಳಿದ್ದರೋ ಇಲ್ಲವೋ, ಅದು ಗ್ಯಾಲರಿಯಲ್ಲಿ ಕೂತೋನಿಗೆ ಹೇಗೆ ಗೊತ್ತಾಗಬೇಕು?”

ನಾನು ಹೇಳಬೇಕಾದದ್ದು ಅದೇ. ರೂಲು ಇರುವುದು ಬೇರೆ, ಅದು ಕೇಳಿಸುವುದು ಬೇರೆ. ತ್ರಿಶ್ಶೂರಿನ ಹುಡುಗನಿಗೆ ಉರಿದದ್ದು ಬರೀ ಸೋತದ್ದಕ್ಕಲ್ಲ. ಯಾಕೆ ಸೋತೆವು ಅಂತ ಅಲ್ಲೇ, ಆಗಲೇ, ಒಬ್ಬರೂ ಬಿಡಿಸಿ ಹೇಳಲಿಲ್ಲ ಅನ್ನುವುದಕ್ಕೆ. ಅದೇ ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನಲ್ಲಿ ರೆಫರಿಯೇ ಮೈಕಿನಲ್ಲಿ, ವಿಡಿಯೊ ನೋಡಿ ತೀರ್ಪು ಹೀಗಾಯಿತು, ಕಾರಣ ಇದು ಅಂತ ಇಡೀ ಸ್ಟೇಡಿಯಮ್ಮಿಗೆ ಹೇಳುತ್ತಿದ್ದರು. ಮನೆಯಲ್ಲಿ ಟಿವಿ ನೋಡುತ್ತಿದ್ದ ನನಗೆ ಅದು ಎಷ್ಟು ಹಿಡಿಸಿತು! ಒಪ್ಪದವರೂ ಒಂದು ಕಾರಣದ ಜೊತೆ ಜಗಳ ಆಡಬಹುದು, ಒಬ್ಬ ಮನುಷ್ಯನ ಜೊತೆ ಆಡಬೇಕಾಗಿಲ್ಲ.

2024ರ ಜೂನ್ 29, ಬಾರ್ಬಡೋಸಿನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್ಲಿನಲ್ಲಿ ಸೂರ್ಯಕುಮಾರ್ ಗೆರೆಯ ಆ ಕಡೆ ಈ ಕಡೆ ಹಾರಿ ಮಿಲ್ಲರ್ ಕ್ಯಾಚು ಹಿಡಿದಾಗಲೂ ನನ್ನ ಮನಸ್ಸಿನಲ್ಲಿ ಇದೇ ಇತ್ತು. ಕೊನೆಯ ಓವರು, ದಕ್ಷಿಣ ಆಫ್ರಿಕಾಕ್ಕೆ 16 ಬೇಕು, ಮೊದಲ ಚೆಂಡು. ಮೂರನೇ ಅಂಪೈರ್ ಬೇಗ ಔಟು ಅಂದರು, ನಾವು ಏಳು ರನ್ನಿಂದ ಗೆದ್ದೆವು. ಕೋಚಾಗಿದ್ದ ದ್ರಾವಿಡ್ ಕಪ್ಪು ಕೈಗೆ ಬಂದಾಗ ಕೂಗಿದ್ದನ್ನು ನೋಡಿ ನಾನು ಅತ್ತಿದ್ದೇನೆ. ಔಟೇ ಅಂತ ನನ್ನ ನಂಬಿಕೆ. ಆದರೂ ಆ ಹಗ್ಗ, ಆ ಶೂ, ಇನ್ನೊಂದೆರಡು ಕೋನದಿಂದ ನಿಧಾನವಾಗಿ ತೋರಿಸಿದ್ದರೆ ಏನು ಹೋಗುತ್ತಿತ್ತು? ಕಪ್ಪಿನ ಹೊಳಪು ಒಂದು ಚೂರೂ ಕಮ್ಮಿಯಾಗುತ್ತಿರಲಿಲ್ಲ.

“ನನಗೆ ಯಾರೂ ಕಾರಣ ಕೇಳುತ್ತಿರಲಿಲ್ಲಮ್ಮ” ಅಂದರು ಮೇಷ್ಟ್ರು, ಲೋಟ ಕೆಳಗಿಡುತ್ತಾ. “ಕೇಳಿದರೆ ಹೊಡೀತೀನೋ ಅಂತ ಮಕ್ಕಳಿಗೆ ಭಯ.” ಸ್ವಲ್ಪ ಹೊತ್ತು ನನ್ನ ಗೇಟಿನ ಕಡೆಗೇ ನೋಡುತ್ತಿದ್ದರು. “ಆ ಚಿಲಕ ಒಂದ್ಸಲ ಆಡಿಸು.”

ಹೋಗಿ ಆಡಿಸಿದೆ. ಟಿಂಗ್.

ಸಂಜೆ ಐದೂವರೆಗೆ ಹುಡುಗರು ಸೇರಿದರು. ಮೂಲೆಮನೆಯವನು ಬಂದಿದ್ದ, ಆದರೆ ದೂರದಲ್ಲಿ, ಸೈಕಲ್ಲಿಗೆ ಒರಗಿಕೊಂಡು. ಮೇಷ್ಟ್ರು ಜಗಲಿಯಿಂದ ಇಳಿದು ರಸ್ತೆಗೆ ಬಂದರು. ಅವರು ಹಾಗೆ ಬಂದದ್ದನ್ನು ನಾನು ಕಂಡಿಲ್ಲ, ಯಾವತ್ತೂ ಕೂತಲ್ಲಿಂದಲೇ ಬೆರಳು.

“ಬಾರೋ ಇಲ್ಲಿ. ನಿನ್ನೆ ನಂದು ತಪ್ಪು. ಗೇಟಿಗೆ ತಗುಲಿತ್ತು, ಆಂಟಿಗೆ ಕೇಳಿಸಿದೆ. ನನಗೆ ಕೇಳಿಸಲಿಲ್ಲ, ಅದಕ್ಕೆ ಔಟು ಕೊಟ್ಟೆ.”

“ಹೌದು ಕಣಪ್ಪ” ಅಂದೆ ನಾನು. “ನಿನ್ನೆನೇ ಹೇಳಬೇಕಿತ್ತು.”

ಕ್ಯಾಚು ಹಿಡಿದಿದ್ದ ಹುಡುಗ ತಲೆ ತಗ್ಗಿಸಿ ಕಾಲಿನಿಂದ ಮಣ್ಣು ಕೆದರಿದ. ಬೈಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

“ಎಷ್ಟು ಹೊಡೆದಿದ್ದೆಯೋ?” ಅಂದರು ಮೇಷ್ಟ್ರು.

“ಹದಿನಾಲ್ಕು.”

“ಹದಿಮೂರು ತಾತ! ಮೋಸ ಮಾಡ್ತಾನೆ, ಒಂದು ಬೈ ಬಂದಿತ್ತು!”

“ಬ್ಯಾಟಿಗೆ ತಗುಲಿತ್ತು ಕಣೋ!”

ಮೇಷ್ಟ್ರು ನನ್ನ ಕಡೆ ತಿರುಗಿದರು. “ಅದು ನಿನಗೆ ಕೇಳಿಸಿತ್ತೇನಮ್ಮ?”