ಬೀಟ್ರೂಟಿಗೆ ಬಂದ ಅಪವಾದ

ಬೆಳಿಗ್ಗೆ ಆರೂವರೆಗೆ ಕಮೋಡಿನೊಳಗೆ ಬಗ್ಗಿ ನೋಡಿದರೆ, ಮದುಮಕ್ಕಳಿಗೆ ನಿವಾಳಿಸಿ ಚೆಲ್ಲುವ ಆರತಿ ನೀರಿನ ಹಾಗೆ ಕೆಂಪು! ಎಲ್‌ಐಸಿ ಬಾಂಡು ಯಾವ ಬೀರುವಿನಲ್ಲಿದೆ ಎಂದು ನೆನೆಯುತ್ತಾ ಹೊರಬಂದೆ. ಹೆಂಡತಿ ಒಗ್ಗರಣೆಯಿಂದ ಕಣ್ಣೆತ್ತದೆ, “ನಿನ್ನೆ ಬೀಟ್ರೂಟ್ ಪಲ್ಯ ಎರಡೆರಡು ಸಲ ಬಡಿಸ್ಕೊಂಡ್ರಲ್ಲ” ಎಂದಳು. ಮಾರನೆಯ ದಿನ ಬಣ್ಣ ಹೋಯಿತು. ಬದುಕಿದೆ.

ಬದುಕಿದ್ದೇ ತಪ್ಪಾಯಿತು. ಹದಿನೈದು ದಿನ ಬಿಟ್ಟು ಮತ್ತೆ ಕೆಂಪು. ಈ ಸಲ ಕಮೋಡಿನ ಬಿಳಿಯ ಮೇಲೆ ತೊಟ್ಟು ತೊಟ್ಟಾಗಿ. ನೋವಿಲ್ಲ. ಬೀಟ್ರೂಟ್ ಎಂದುಕೊಂಡೆ. ಮರುವಾರವೂ ಬೀಟ್ರೂಟ್. 52 ವರ್ಷವಾದರೂ ಡಾಕ್ಟರ ಮುಂದೆ ‘ಆ ಜಾಗ’ ಎನ್ನಲು ನಾಲಗೆ ಏಳದು. ಕೊನೆಗೆ ಹೆಂಡತಿಯೇ ತರಕಾರಿ ಲೆಕ್ಕದ ಪುಸ್ತಕ ಬಿಚ್ಚಿದಳು: “ತಿಂಗಳಿಂದ ಮನೆಗೆ ಬೀಟ್ರೂಟೇ ಬಂದಿಲ್ಲ.”

ಡಾಕ್ಟರು ನನ್ನ ಮಗನ ಓರಗೆಯವರು. “ಸ್ವಲ್ಪ ಗ್ಯಾಸು” ಎಂದೆ. “ಮೋಷನ್ನಲ್ಲಿ ರಕ್ತ, ಆರು ವಾರದಿಂದ” ಎಂದು ಹೆಂಡತಿ ಹೊರಗೆ ಕೂತ ಟೋಕನ್‌ದಾರರಿಗೆಲ್ಲ ಕೇಳುವಂತೆ ಹೇಳಿದಳು. ಎಡಮಗ್ಗುಲಾಗಿ ಮಲಗಿ ಮಂಡಿ ಮಡಚಬೇಕಂತೆ. ಗ್ಲೌಸು ‘ಫಟ್’ ಎಂದಿತು. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಎಂದು ಬಂತೆಂದು ಹುಡುಕತೊಡಗಿದೆ. ಸಿಗುವ ಮೊದಲೇ ಮುಗಿದುಹೋಗಿತ್ತು.

ಮೂಲವ್ಯಾಧಿ. ಒಳಗಿನ ಮೊಳೆಗೆ ಸಾಮಾನ್ಯವಾಗಿ ನೋವು ಗೊತ್ತಾಗುವುದಿಲ್ಲವಂತೆ, ಅದಕ್ಕೇ ಸದ್ದಿಲ್ಲದೆ ತೊಟ್ಟಿಕ್ಕುತ್ತದೆ. ಗಾಜಿನಲ್ಲಿ ಸೀಳಿದಂತಾದರೆ ಫಿಶರ್, ಅಂದರೆ ಆ ಜಾಗದ ಬಿರುಕು, ಇರಬಹುದು. “ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದ್ರೆ ಜಠರದ ಕಡೆಯ ರಕ್ತ ಇರಬಹುದು, ಅವತ್ತೇ ಆಸ್ಪತ್ರೆಗೆ ಓಡಬೇಕು. ರಕ್ತ ನಿಲ್ಲದೇ ಇದ್ರೂ, ತಲೆ ಸುತ್ತಿದ್ರೂ ಅಷ್ಟೇ” ಎಂದರು. ಕಬ್ಬಿಣಾಂಶದ ಮಾತ್ರೆಯಿಂದಲೂ ಕಪ್ಪಾಗಬಹುದು ಎಂದಾಗ ಮಾತ್ರ ನನ್ನ ಕಿವಿ ನಿಮಿರಿತು. ಹೆಂಡತಿ ನೋಡಿದಳು. ಕಿವಿ ಮಡಚಿಕೊಂಡೆ.

ಟಬ್ಬಿನಲ್ಲಿ ಬೆಚ್ಚನೆ ನೀರು ಹಾಕಿ ಕೂರುವುದು, ಇಸಬಗೋಲು, ಕಮೋಡಿನ ಮೇಲೆ ಪೇಪರು ಬಂದ್. ಇಷ್ಟೇ ತಾನೇ ಎಂದು ಎದ್ದೆ. “ಕೂತ್ಕೊಳ್ಳಿ ಸಾರ್. ಮೂಲವ್ಯಾಧಿ ಇದೆ ಅಂತ ಎಲ್ಲಾ ರಕ್ತಾನೂ ಅದರ ತಲೆಗೇ ಕಟ್ಟೋಕಾಗಲ್ಲ. ಈ ವಯಸ್ಸಿಗೆ ಕರುಳಿನ ಕ್ಯಾನ್ಸರ್ ಇಲ್ಲ ಅಂತ ನೋಡ್ಕೋಬೇಕು. ತೂಕ ಇಳಿದಿದೆಯಾ? ಮನೇಲಿ ಯಾರಿಗಾದ್ರೂ ಇತ್ತಾ?” ಎನ್ನುತ್ತಾ ಕೊಲೊನೋಸ್ಕೋಪಿಗೆ ಬರೆದರು.

ಪರೀಕ್ಷೆಗೆ ಮುಂಚೆ ಏನೇನು ತಿನ್ನಬಾರದೆಂಬ ಚೀಟಿಯನ್ನು ಹೆಂಡತಿ ಮನೆಯಲ್ಲಿ ಗಟ್ಟಿಯಾಗಿ ಓದಿದಳು. ಬೀಜ, ಸೊಪ್ಪು, ಕೆಂಪು ಬಣ್ಣದ್ದು ಯಾವುದೂ ಬೇಡ. ಅಲ್ಲಿಗೆ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

“ಬೀಟ್ರೂಟ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ.”